ಪೋಖರಾದಲ್ಲಿ ಮುನಿಯಮ್ಮನವರ ಟಿ.ವಿ.

ಪೀಣ್ಯ

ನಾನು ಮೊದಲ ಬಾರಿ ದೇಶದ ಗಡಿ ದಾಟಿದ್ದು ಒಂದು ಟಿ.ವಿ.ಯ ಹೊಣೆ ಹೊತ್ತುಕೊಂಡು. ನೇಪಾಳಕ್ಕೆ ಹೋಗಿಬಂದೆ ಎಂದ ಕೂಡಲೇ ಜನ ಹಿಮದ ಬೆಟ್ಟದ ವಿಷಯ ಕೇಳುತ್ತಾರೆ. ಬೆಳಗಿನ ಬಿಸಿಲಿಗೆ ಅದು ಬಂಗಾರದ ಬಣ್ಣ ತಿರುಗುತ್ತದಂತೆ, ನೋಡಿದಿರಾ ಎನ್ನುತ್ತಾರೆ. ನೋಡಿದ್ದು ನಿಜ. ಆದರೆ ಆ ದಿನಗಳಲ್ಲಿ ನನ್ನ ಕಣ್ಣು ಹೆಚ್ಚು ಹೊತ್ತು ಇದ್ದದ್ದು ಬೆಟ್ಟದ ಮೇಲಲ್ಲ, ಕಂಬದಿಂದ ಕಂಬಕ್ಕೆ ಜೋತುಬಿದ್ದಿದ್ದ ಕಪ್ಪು ತಂತಿಗಳ ಮೇಲೆ.

ಬೆಂಗಳೂರಿನ ಪೀಣ್ಯದಲ್ಲಿ ನಾವು ಗಂಡ ಹೆಂಡತಿ ಒಂದು ಶೆಡ್ ನಡೆಸುತ್ತೇವೆ. ಖಾಲಿ ಮಿನಿಬಸ್ ತಂದುಕೊಟ್ಟರೆ ಒಳಗೆ ಮಂಚ, ಒಲೆ, ಬಚ್ಚಲು ಎಲ್ಲ ಕೂರಿಸಿ ಓಡಾಡುವ ಮನೆ ಮಾಡಿಕೊಡುತ್ತೇವೆ. ಕ್ಯಾರವಾನ್ ಎನ್ನುತ್ತಾರಲ್ಲ, ಅದು. ಮರ ಮತ್ತು ತಗಡಿನ ಕೆಲಸ ನಮ್ಮ ಯಜಮಾನರದು, ವೈರಿಂಗ್ ನನ್ನದು. ಅಪ್ಪ ಸರ್ಕಾರಿ ಕಾರ್ಖಾನೆಯಲ್ಲಿದ್ದರು. ಅವರ ಕಾಲದಲ್ಲಿ ನಾನೂ ಅಲ್ಲಿ ಅಪ್ರೆಂಟಿಸ್ ಆಗಿ ತಂತಿ ಕಟ್ಟುವುದನ್ನು ಕಲಿತೆ.

ಮುನಿಯಮ್ಮನವರು ಊರಿನ ಇನ್ನೊಂದು ತುದಿಯ ಸಿಂಗಸಂದ್ರದವರು. ಅವರ ರಾಗಿ ಹೊಲದ ಮೇಲೆ ಈಗ ಪಿ.ಜಿ. ಕಟ್ಟಡಗಳು ನಿಂತಿವೆ, ಮಗ ರಮೇಶ ಅವುಗಳನ್ನು ನೋಡಿಕೊಳ್ಳುತ್ತಾನೆ. ನೇಪಾಳದ ಮುಕ್ತಿನಾಥ ಕ್ಷೇತ್ರಕ್ಕೆ ಹೋಗಬೇಕೆಂಬುದು ಆ ತಾಯಿಯ ಬಹಳ ವರ್ಷಗಳ ಆಸೆ. ಆದರೆ ಮಂಡಿನೋವು, ಮೆಟ್ಟಿಲು ಹತ್ತಲಾಗದು. ಹೋಟೆಲಿನ ಬಚ್ಚಲು ಒಗ್ಗದು. ಮಗನ ಬೆನ್ನುಬಿದ್ದು ಕ್ಯಾರವಾನ್ ಮಾಡಿಸಿದರು. ಅವರ ಬಾಯಲ್ಲಿ ಅದು ಮನೆಗಾಡಿ.

ಕೆಲಸ ನೋಡಲು ಶೆಡ್ಡಿಗೆ ಬಂದ ದಿನ ಅವರು ಒಲೆಯನ್ನು ನೋಡಲಿಲ್ಲ, ಮಂಚವನ್ನೂ ನೋಡಲಿಲ್ಲ.

"ಟಿ.ವಿ. ಎಲ್ಲವ್ವಾ?"

"ಇಲ್ಲಿ ಬರುತ್ತೆ ಅಮ್ಮ. ಮೇಲೆ ಡಿಶ್ ಇಡ್ತೀವಿ."

"ಡಿಶ್ಶು ಕೈಕೊಟ್ರೆ?"

"ಕೊಡಲ್ಲ ಅಮ್ಮ."

"ಕೊಡ್ತದೆ. ಮಳೆ ಬಂದ್ರೆ ನಮ್ಮನೇಲಿ ಕೊಡ್ತದೆ. ಕೇಬಲ್ಲೂ ಆಕು."

ದಾರಿಯಲ್ಲಿ ಕೇಬಲ್ ಯಾರು ಕೊಡುತ್ತಾರೆ ಎಂದು ನಾನು ಹೇಳಿ ನೋಡಿದೆ. ಅವರು ಕೇಳಲಿಲ್ಲ. ಕೊನೆಗೆ ಎರಡೂ ಹಾಕಿದೆ. ಮೇಲಿನ ಡಿಶ್‌ನಿಂದ ಒಂದು ತಂತಿ ಇಳಿಸಿದೆ. ಗಾಡಿಯ ಹಿಂಭಾಗದಲ್ಲಿ ಹೊರಗಿನಿಂದ ಕೇಬಲ್ ಸಿಕ್ಕಿಸಲು ಮುಚ್ಚಳವಿರುವ ಒಂದು ಸಣ್ಣ ಸಾಕೆಟ್ ಕೂರಿಸಿ, ಅಲ್ಲಿಂದ ಗೋಡೆಯೊಳಗೆ ಇನ್ನೊಂದು ತಂತಿ ಎಳೆದೆ. ಎರಡೂ ಟಿ.ವಿ.ಯ ಕೆಳಗಿನ ಕಪಾಟಿಗೆ ಬಂದು ಸೇರುತ್ತಿದ್ದವು.

ಈ ಹಟಕ್ಕೆ ಕಾರಣ ಮೊಮ್ಮಗಳು ದೀಪಾ. ರಮೇಶನ ಮಗಳು, ಕಬಡ್ಡಿ ಆಟಗಾರ್ತಿ. ಎದುರು ತಂಡದ ಅಂಗಳಕ್ಕೆ ನುಗ್ಗಿ ಮುಟ್ಟಿ ಬರುವ ರೈಡರ್. ಅವಳ ಆಟವನ್ನು ಟಿ.ವಿ.ಯಲ್ಲಿ ತೋರಿಸತೊಡಗಿದ ಮೇಲೆ ಅಜ್ಜಿ ಒಂದನ್ನೂ ಬಿಟ್ಟವರಲ್ಲ. ಹಿಂದಿನ ವರ್ಷ ಒಂದು ಪಂದ್ಯದ ನಡುವೆ ಸಿಂಗಸಂದ್ರದಲ್ಲಿ ಕರೆಂಟ್ ಹೋಯಿತಂತೆ. ಕರೆಂಟ್ ಬಂದು ಟಿ.ವಿ. ಹತ್ತಿಕೊಂಡಾಗ ದೀಪಾಳನ್ನು ಸ್ಟ್ರೆಚರ್ ಮೇಲೆ ಹೊರಗೆ ಒಯ್ಯುತ್ತಿದ್ದರು. ಭುಜದ ಕೀಲು ತಪ್ಪಿತ್ತು. ಎಷ್ಟೋ ತಿಂಗಳು ಹುಡುಗಿ ಕೈಯನ್ನು ಕೊರಳಿಗೆ ಕಟ್ಟಿಕೊಂಡು ಕೂತಳು.

"ನಾನು ನೋಡ್ತಿದ್ದಿದ್ರೆ ಆಯ್ತಿರ್ಲಿಲ್ಲ," ಎಂದು ಮುನಿಯಮ್ಮನವರು ನನಗೆ ಹೇಳಿದರು. ವಾದಿಸುವ ದನಿಯಲ್ಲಲ್ಲ, ಬೆಂಕಿ ಸುಡುತ್ತದೆ ಎನ್ನುವಷ್ಟು ಸಹಜವಾಗಿ. ಆಮೇಲೆ, "ನೀನೂ ಬಾರವ್ವ ರತ್ನ. ಟಿ.ವಿ. ಆಕ್ದೋಳು ನೀನು, ಕೆಟ್ರೆ ನಾವು ಯಾರ್ನ ಕೇಳಾನ?" ಎಂದರು.

ನೇಪಾಳಕ್ಕೆ ಪಾಸ್‌ಪೋರ್ಟ್ ಬೇಡ, ವೋಟರ್ ಕಾರ್ಡ್ ಸಾಕು ಎಂದು ತಿಳಿದಾಗ ನಮ್ಮ ಯಜಮಾನರಿಗೆ ನನಗಿಂತ ಹೆಚ್ಚು ಬೇಸರವಾಯಿತು. "ಒಂದು ಸೀಲೂ ಹಾಕದಿದ್ರೆ ಅದೆಂಥಾ ಫಾರಿನ್ನೇ?" ಎಂದರು. ಶೆಡ್ ನೋಡಿಕೊಳ್ಳಲು ಅವರು ಉಳಿದರು, ಮುನಿಯಮ್ಮನವರು, ರಮೇಶ, ನಾನು ಮೂವರೇ ಹೊರಟೆವು.

ಸೋನೌಲಿ

ಉತ್ತರಕ್ಕೆ ಹೋದಂತೆಲ್ಲ ಡಿಶ್ ತಲೆ ತಗ್ಗಿಸಬೇಕು. ಬೆಂಗಳೂರಿನಲ್ಲಿ ಅದು ಹೆಚ್ಚುಕಡಿಮೆ ಆಕಾಶದ ನೆತ್ತಿಯನ್ನೇ ನೋಡುತ್ತದೆ. ನಾಗಪುರದಲ್ಲಿ ಒಂದಿಷ್ಟು ಬಾಗಿಸಿದೆ, ಗೋರಖ್‌ಪುರದಲ್ಲಿ ಇನ್ನಷ್ಟು. ರಮೇಶ ಗಾಡಿ ನಿಲ್ಲಿಸಿದಲ್ಲೆಲ್ಲ ನಾನು ಏಣಿ ಹತ್ತುವುದು, ಅವನು ಕೆಳಗಿನಿಂದ "ಬಂತು ಅಕ್ಕಾ... ಹೋಯ್ತು... ಬಂತು, ಬಂತು, ಅಲ್ಲೇ ಬಿಡಿ!" ಎಂದು ಕೂಗುವುದು. ಚಿತ್ರ ಬಂದ ಕೂಡಲೇ ಮುನಿಯಮ್ಮನವರು ಅದನ್ನು ಆರಿಸಿಬಿಡುತ್ತಿದ್ದರು. ಅವರಿಗೆ ಬೇಕಿದ್ದದ್ದು ಅದು ಬರುತ್ತದೆಂಬ ಧೈರ್ಯ ಮಾತ್ರ.

ನಾವು ಹೊರಡುವಾಗ ದೀಪಾಳ ತಂಡ ಸೆಮಿಫೈನಲ್ ಮುಟ್ಟುತ್ತದೆಂದು ಯಾರೂ ಎಣಿಸಿರಲಿಲ್ಲ. ಗೋರಖ್‌ಪುರದಲ್ಲಿ ಫೋನ್ ಬಂತು, ಮುಟ್ಟಿತ್ತು. ಅವಳ ಅಮ್ಮ ಅವಳ ಜೊತೆಗೇ ಇದ್ದಳು. ನಾವು ಮುಕ್ತಿನಾಥದ ದಾರಿಯಲ್ಲಿರುವ ಪೋಖರಾ ತಲುಪುವ ಹೊತ್ತಿಗೆ ಸರಿಯಾಗಿ ಪಂದ್ಯ ಬಿದ್ದಿತ್ತು.

ಸೋನೌಲಿಯ ಗಡಿ ಎಂದರೆ ಬಾಗಿಲು ತೆರೆದಿಟ್ಟ ಸಂತೆ. ಸೈಕಲ್ಲಿನವರು, ತಲೆಮೇಲೆ ಬುಟ್ಟಿ ಹೊತ್ತವರು, ಮದುವೆಗೆ ಹೊರಟವರು ಒಂದು ಕಮಾನಿನ ಕೆಳಗೆ ನಡೆದು ದೇಶ ಬದಲಾಯಿಸುತ್ತಿದ್ದರು. ಅವರನ್ನು ಯಾರೂ ಏನೂ ಕೇಳಲಿಲ್ಲ. ನಮ್ಮನ್ನು ಕೇಳಿದರು. ಸುಂಕದ ಅಧಿಕಾರಿ ಗಾಡಿಯೊಳಗೆ ಬರುವ ಮುನ್ನ ಬೂಟು ಬಿಚ್ಚಿದರು. ನನಗೆ ಅದೇ ಆಶ್ಚರ್ಯ. ಒಲೆ, ಮಂಚ ಎಲ್ಲ ಮೆಚ್ಚುತ್ತಾ ಬಂದು ಟಿ.ವಿ.ಯ ಮುಂದೆ ನಿಂತರು. ಆಮೇಲೆ ಹೊರಗಿಳಿದು ಮೇಲಿನ ಡಿಶ್ ನೋಡಿದರು.

ಭಾರತದ ಡಿಶ್ ಬಾಕ್ಸ್ ತಮ್ಮ ದೇಶದಲ್ಲಿ ಬಳಸುವಂತಿಲ್ಲ ಎಂದು ಹಿಂದಿಯಲ್ಲಿ ಮೆಲ್ಲಗೆ ಹೇಳಿದರು. ಇಲ್ಲೇ ಬಿಟ್ಟುಹೋಗಿ, ಮರಳಿ ಬರುವಾಗ ಕೊಡುತ್ತೇವೆ ಎಂದರು. ನಾನು ಬೇಡಿಕೊಂಡೆ. ಅವರು ಚಹಾ ತರಿಸಿಕೊಟ್ಟರು, ಮಾತು ಮಾತ್ರ ಬದಲಿಸಲಿಲ್ಲ. ಡಿಶ್ ಇಳಿಯಿತು, ಬಾಕ್ಸ್ ಇಳಿಯಿತು. ಅವುಗಳ ಜೊತೆಗೆ ಒಂದೇ ಚೀಲದಲ್ಲಿ ತಂತಿಯ ತುದಿಗೆ ಕೂರಿಸುವ ನನ್ನ ಬಿಡಿ ಕನೆಕ್ಟರುಗಳೂ ತಂತಿ ಒತ್ತುವ ಇಕ್ಕಳವೂ ಇಳಿದುಹೋದವು. ಅದು ನನಗೆ ಆಮೇಲೆ ಹೊಳೆಯಿತು.

ಮುನಿಯಮ್ಮನವರು ಎಲ್ಲವನ್ನೂ ಕಿಟಕಿಯಿಂದ ನೋಡಿದರು. "ತಿರುಗ್ಸು ಗಾಡಿ," ಎಂದರು ಮಗನಿಗೆ.

"ಅಮ್ಮಾ, ಇಷ್ಟು ದೂರ ಬಂದ್ಬಿಟ್ಟು..."

"ದ್ಯಾವ್ರು ಎಲ್ಲೂ ಓಗಾಕಿಲ್ಲ. ಅಲ್ಲೇ ಇರ್ತಾನೆ."

ಆಗ ನನ್ನ ಬಾಯಿಂದ ಹೊರಟುಹೋಯಿತು: "ಕೇಬಲ್ ಇದೆಯಲ್ಲಮ್ಮ. ಪೋಖರಾ ದೊಡ್ಡ ಊರು. ನಾನು ತೋರಿಸ್ತೀನಿ."

ಅವರು ನನ್ನತ್ತ ತಿರುಗಿದರು. "ಸರಿ ಬುಡು, ನೀನು ಏಳ್ತಾ ಇದ್ದೀಯ," ಎಂದರು. ಗಾಡಿ ಕಮಾನಿನ ಕೆಳಗೆ ದಾಟಿತು. ನನ್ನ ಮೊದಲ ವಿದೇಶ ಪ್ರವೇಶ ಹೀಗೆ ಒಂದು ಮಾತು ಕೊಟ್ಟು ಆಯಿತು.

ಮುಗ್ಲಿಂಗ್ ರಸ್ತೆ

ನದಿಯ ಪಕ್ಕದಲ್ಲೇ ಬೆಟ್ಟ ಕಡಿದು ರಸ್ತೆ ಅಗಲ ಮಾಡುತ್ತಿದ್ದರು. ಧೂಳು ನೋಡಿದರೆ ಪೀಣ್ಯದ ಒಳರಸ್ತೆಗಳೇ ನೆನಪಾಗಬೇಕು. ವ್ಯತ್ಯಾಸವಿಷ್ಟೇ, ನಮ್ಮಲ್ಲಿ ಹಳ್ಳ ತಪ್ಪಿಸಲು ಹೋದರೆ ಲಾರಿಗೆ ತಾಗುತ್ತೇವೆ, ಇಲ್ಲಿ ನದಿಗೆ ಬೀಳುತ್ತೇವೆ. ಎದುರಿಗೆ ಬರುವ ಲಾರಿಯವರು ಜಗಳವಾಡುವುದಿಲ್ಲ. ತಾವೇ ಹಿಂದೆ ಸರಿದು ಕೈಮುಗಿದು ದಾರಿ ಬಿಡುತ್ತಾರೆ. ರಮೇಶನಿಗೆ ಅದೇ ಭಯ. "ಹಿಂಗ್ ಕೈಮುಗಿದ್ರೆ ನಂಗೆ ಟೆನ್ಶನ್ ಆಗತ್ತೆ ಅಕ್ಕ. ಬೈದ್ರೆ ಧೈರ್ಯ ಇರ್ತಿತ್ತು," ಎಂದ.

ಗಾಡಿ ಕುಲುಕಿದಾಗಲೆಲ್ಲ ಗೋಡೆಯೊಳಗಿಂದ ಟಿಕ್ ಟಿಕ್ ಎಂದು ಏನೋ ಬಡಿಯುತ್ತಿತ್ತು. ಪಾತ್ರೆಯ ಸದ್ದಲ್ಲ ಎಂದು ನನಗೆ ತಿಳಿದಿತ್ತು. ಕೇಬಲ್ ತಂತಿಯ ತುದಿ ಕಳಚಿಕೊಂಡು ತಗಡಿಗೆ ತಾಗುತ್ತಿದೆಯೇ ಎಂಬ ಯೋಚನೆ ಒಮ್ಮೆ ಬಂದಮೇಲೆ ಬಿಡಲಿಲ್ಲ. ಊಟಕ್ಕೆ ನಿಂತಾಗ ಕಪಾಟಿನೊಳಗೆ ಕೈ ಹಾಕಿ ನೋಡಿದೆ. ಕಳಚಿತ್ತು. ಕನೆಕ್ಟರ್ ಎರಡು ಹೋಳಾಗಿ ಕೈಗೆ ಬಂತು. ಬದಲಿಗೆ ಹಾಕಬೇಕಾದದ್ದು ಸೋನೌಲಿಯಲ್ಲಿ ಕೂತಿತ್ತು.

"ಏನವ್ವಾ ಉಡುಕ್ತಿದ್ದೀಯ?" ಮುನಿಯಮ್ಮನವರು ಕೇಳಿದರು.

"ಏನಿಲ್ಲಮ್ಮ. ಸಕ್ಕರೆ ಡಬ್ಬಿ."

ಅವರು ಸಕ್ಕರೆ ಡಬ್ಬಿಯನ್ನು ತಾವೇ ಎತ್ತಿ ನನ್ನ ಕೈಗಿತ್ತರು. ಅದು ಅವರ ಪಕ್ಕದಲ್ಲೇ ಇತ್ತು.

ಮುಗ್ಲಿಂಗ್ ಎಂಬ ಪೇಟೆಯಲ್ಲಿ ಕನೆಕ್ಟರ್ ಕೇಳಿಕೊಂಡು ಅಂಗಡಿಯಿಂದ ಅಂಗಡಿಗೆ ಅಲೆದೆ. ಅಂದು ಶನಿವಾರ. ಅವರ ವಾರದ ರಜೆ ಶನಿವಾರ ಎಂಬುದು ನನಗೆ ಗೊತ್ತೇ ಇರಲಿಲ್ಲ. ಊಟದ ಅಂಗಡಿ ಬಿಟ್ಟರೆ ಎಲ್ಲಕ್ಕೂ ಬಾಗಿಲು ಹಾಕಿತ್ತು. ರಮೇಶ ತನ್ನ ಫೋನಿನಲ್ಲಿ ಪಂದ್ಯ ತೋರಿಸುವ ಆ್ಯಪ್ ತೆರೆದು ನೋಡಿದ. ಈ ದೇಶದಲ್ಲಿ ಲಭ್ಯವಿಲ್ಲ ಎಂದು ಬಂತು. ಅದನ್ನು ನನಗೆ ಮಾತ್ರ ತೋರಿಸಿ ಫೋನನ್ನು ಜೇಬಿಗೆ ಹಾಕಿಕೊಂಡ.

ಪೋಖರಾ

ಊರಿನ ತಂತಿಗಳನ್ನು ನೋಡಿ ನನಗೆ ಸ್ವಲ್ಪ ಜೀವ ಬಂತು. ಸಿಂಗಸಂದ್ರದ ಗಲ್ಲಿಗಳಂತೆಯೇ ಒಂದೊಂದು ಕಂಬಕ್ಕೂ ಹಕ್ಕಿಗೂಡಿನಷ್ಟು ತಂತಿ. ಎಲ್ಲರ ಮನೆಯಲ್ಲೂ ಟಿ.ವಿ. ಇದೆ ಎಂದಾಯಿತು.

ಊರಿನ ದೊಡ್ಡ ಕೆರೆಯಿಂದ ಸ್ವಲ್ಪ ಒಳಗೆ ಮಾಯಾ ಎಂಬಾಕೆಯ ಗೆಸ್ಟ್‌ಹೌಸ್ ಇತ್ತು. ನನ್ನದೇ ವಯಸ್ಸಿನವಳು. ಗೆಸ್ಟ್‌ಹೌಸಿನ ಎದುರಿಗೆ, ಗಲ್ಲಿಯ ಆಚೆ ಬದಿಗೆ, ಅವಳದೇ ಖಾಲಿ ಜಾಗ. ಗಾಡಿ ಅಲ್ಲಿ ನಿಲ್ಲಿಸಿ ಎಂದಳು. ನನ್ನ ಬೆಂಗಳೂರು ಹಿಂದಿಯೂ ಅವಳ ಪೋಖರಾ ಹಿಂದಿಯೂ ಹೇಗೋ ಒಂದಕ್ಕೊಂದು ಹೊಂದಿಕೊಂಡವು. ನಾನು ನಮಸ್ಕಾರ ಹೇಳಿದ ಮೇಲೆ ಕೇಳಿದ ಮೊದಲ ಮಾತೇ ಕೇಬಲ್. ಇದೆ ಎಂದಳು. ಭಾರತದ ಆಟದ ಚಾನೆಲ್? ಅದೂ ಇದೆ, ನಮ್ಮ ಮಾವ ಅದನ್ನೇ ನೋಡುವುದು ಎಂದಳು. ನನಗೆ ಅವಳನ್ನು ತಬ್ಬಿಕೊಳ್ಳಬೇಕೆನಿಸಿತು.

ಆದರೆ ಟಿ.ವಿ. ಇದ್ದದ್ದು ಮಹಡಿಯ ಮೇಲೆ. ಮರದ ಮೆಟ್ಟಿಲು, ಏಣಿಯಷ್ಟು ಕಡಿದು, ಒಬ್ಬರು ಅಡ್ಡಡ್ಡ ಹತ್ತಬೇಕಾದಷ್ಟು ಕಿರಿದು. ರಮೇಶ ಅಮ್ಮನನ್ನು ಎತ್ತಿಕೊಂಡು ಹೋಗುತ್ತೇನೆ ಎಂದ. ಮುನಿಯಮ್ಮನವರು ಕೆಳಗೆ ನಿಂತು ಮೆಟ್ಟಿಲನ್ನು ನೋಡಿ, "ಇಬ್ರೂ ಬಿದ್ದು ಸತ್ರೆ ಮಗೀನ ಆಟ ನೋಡೋರ್ಯಾರು?" ಎಂದು ತಿರುಗಿ ಗಾಡಿಗೆ ನಡೆದರು.

ಹಾಗಾದರೆ ಕೇಬಲ್ಲನ್ನೇ ಕೆಳಗೆ ತರಬೇಕು. ಮಾಯಾ ತನ್ನ ಬಾಕ್ಸನ್ನೇ ಬಿಚ್ಚಿಕೊಳ್ಳಲು ಹೇಳಿದಳು. ಅವಳ ಮಾವ ಏನೋ ಗೊಣಗಿದರು. ಅವಳು ನಗುತ್ತಾ ಉತ್ತರ ಕೊಟ್ಟಳು, ಅವರೂ ಟೋಪಿ ಸರಿಮಾಡಿಕೊಂಡು ಸುಮ್ಮನಾದರು. ಉಗ್ರಾಣದಲ್ಲಿ ಹಳೆಯ ಕೇಬಲ್ ಸುರುಳಿ ಸಿಕ್ಕಿತು. ಕಿಟಕಿಯಿಂದ ಇಳಿಸಿ, ಗಲ್ಲಿ ದಾಟಿಸಿ ಎಳೆದಾಗ ಅದು ಗಾಡಿಯ ಹಿಂದಿನ ಸಾಕೆಟ್ಟಿಗೆ ಕಷ್ಟಪಟ್ಟು ಮುಟ್ಟಿತು. ಸುತ್ತಿಕೊಂಡು ಬಾಗಿಲಿಗೆ ತರುವಷ್ಟು ಉದ್ದವಿರಲಿಲ್ಲ. ಅಂದರೆ ಗೋಡೆಯೊಳಗೆ ನಾನೆಳೆದ ತಂತಿಯೇ ಗತಿ, ಮುರಿದ ಕನೆಕ್ಟರಿನದು. ಶನಿವಾರ ಇನ್ನೂ ಮುಗಿದಿರಲಿಲ್ಲ, ಇಲ್ಲೂ ಅಂಗಡಿಗಳು ಮುಚ್ಚಿದ್ದವು.

ತರಕಾರಿ ಹೆಚ್ಚುವ ಚಾಕುವಿನಿಂದ ತಂತಿಯ ಸಿಪ್ಪೆ ಸುಲಿದೆ. ಒಳಗಿನ ತಾಮ್ರವನ್ನು ಗಾಡಿಯ ಕಪಾಟಿನಲ್ಲಿಟ್ಟ ಬಾಕ್ಸಿನ ತೂತಿಗೆ ತೂರಿಸಿ, ಹೊರಗಿನ ಜಾಲರಿಯನ್ನು ಹಿಂದಕ್ಕೆ ಮಡಚಿ ಟೇಪ್ ಸುತ್ತುತ್ತಿದ್ದೆ. ತಲೆಯೆತ್ತಿ ಕಿಟಕಿಯಿಂದ ಗಲ್ಲಿಯಾಚೆ ಮಾಯಾಳ ಮನೆಯ ಜಗಲಿಯ ಗೋಡೆ ಗಡಿಯಾರ ನೋಡಿದರೆ ಪಂದ್ಯದ ಹೊತ್ತು ಆಗಿಯೇ ಹೋಗಿತ್ತು.

"ರಮೇಶಾ, ಶುರುವಾಗಿಬಿಟ್ಟಿದೆ!"

"ಇಲ್ಲ ಅಕ್ಕ, ಇಲ್ಲಿ ಟೈಮು ನಮಗಿಂತ ಕಾಲು ಗಂಟೆ ಮುಂದೆ!" ರಮೇಶ ಹೊರಗಿನಿಂದ ಕೂಗಿದ.

ಆ ಕಾಲು ಗಂಟೆಯನ್ನು ನೇಪಾಳದವರು ನನಗೋಸ್ಕರವೇ ಇಟ್ಟಿದ್ದಾರೆ ಎನಿಸಿತು. ಟೇಪ್ ಬಿಗಿದೆ. ಟಿ.ವಿ. ಹಾಕಿದೆ. ಮೊದಲು ನೀಲಿ, ಆಮೇಲೆ ಒಂದು ಸೋಪಿನ ಜಾಹೀರಾತು. ಯಾವ ಸೋಪಿಗೂ ನಾನು ಅಷ್ಟು ಸಂತೋಷಪಟ್ಟಿಲ್ಲ.

ಸೆಮಿಫೈನಲ್

ಬಾಕ್ಸ್ ಕಳೆದುಕೊಂಡ ಮನೆಯವರು ಬಾಕ್ಸ್ ಇದ್ದಲ್ಲಿಗೇ ಬಂದರು. ಮಾಯಾ, ಅವಳ ಮಾವ, ಹಿಂದೆ ಅಡುಗೆಯ ಹೆಂಗಸು, ಎಲ್ಲರೂ ಚಪ್ಪಲಿಯನ್ನು ಬಾಗಿಲ ಹೊರಗೆ ಸಾಲಾಗಿ ಬಿಟ್ಟು ಹತ್ತಿದರು. ಹತ್ತಿದವರೆಲ್ಲರ ಭಾರಕ್ಕೆ ಗಾಡಿ ದೋಣಿಯಂತೆ ಅತ್ತಿತ್ತ ತೂಗಿತು. ನಾನು ಕಪಾಟಿನ ಪಕ್ಕಕ್ಕೇ ಕೂತೆ.

ರಮೇಶ ಒಳಗೆ ಬರಲಿಲ್ಲ. ತಂತಿ ಗಲ್ಲಿಗೆ ಅಡ್ಡವಾಗಿ ತಲೆಯೆತ್ತರಕ್ಕೆ ಜೋತಿತ್ತು. ಬೈಕು ಬಂದಾಗಲೆಲ್ಲ ಒಂದು ಬಿದಿರಿನಿಂದ ಅದನ್ನು ಎತ್ತಿ ಹಿಡಿಯುವವರು ಬೇಕಿತ್ತು. ಬೇರೆ ಯಾರಾದರೂ ಹಿಡಿಯಬಹುದಿತ್ತು, ಆದರೆ ತಾನೇ ಹಿಡಿಯುತ್ತೇನೆ ಎಂದ. ಮಗಳ ಆಟ ನೋಡುವಷ್ಟು ಗಟ್ಟಿ ಗುಂಡಿಗೆ ತನಗಿಲ್ಲ ಎಂದು ದಾರಿಯಲ್ಲೇ ಒಮ್ಮೆ ಹೇಳಿದ್ದ.

ದೀಪಾ ಅಂಗಳಕ್ಕಿಳಿದಳು. ಭುಜಕ್ಕೆ ಪಟ್ಟಿ ಸುತ್ತಿಕೊಂಡಿದ್ದಳು. ಅವಳು ಮೊದಲ ಸಲ ಗೆರೆ ದಾಟಿದ ಕೂಡಲೇ ಮುನಿಯಮ್ಮನವರು ಕಣ್ಣು ಮುಚ್ಚಿಕೊಂಡರು.

"ಅಮ್ಮಾ, ನೋಡಿ, ದೀಪಾ!"

"ನೀನು ನೋಡಿ ಏಳವ್ವ. ನನ್ ಕೈಲಾಗಕಿಲ್ಲ."

ನಾನು ದಂಗಾದೆ. ಗಡಿಯಿಂದ ಇಲ್ಲಿಯವರೆಗೆ ಇದಕ್ಕಾಗಿಯೇ ನಿದ್ದೆಗೆಟ್ಟಿದ್ದೆ. ಅವರು ನೋಡಿದರೆ ಮೊಮ್ಮಗಳಿಗೆ ಏನೂ ಆಗದು ಎಂದಿದ್ದವರು ಇದೇ ತಾಯಿ.

"ನೀವು ನೋಡ್ಬೇಕು ಅಂದಿದ್ರಲ್ಲಮ್ಮ?"

"ಟಿ.ವಿ. ಮುಂದೆ ಕೂತಿದ್ದೀನಲ್ಲ. ಯಾವತ್ತೂ ಇಂಗೇಯ. ಆಡಕ್ಕೆ ಓದಾಗ ಮುಚ್ಕಂತೀನಿ, ವಾಪಸ್ ಬಂದ್ಮ್ಯಾಲೆ ಬಿಡ್ತೀನಿ. ಬಂದ್ಲಾ?"

"ಬಂದಳು. ಒಬ್ಬರನ್ನ ಔಟ್ ಮಾಡಿದಳು."

ಕಣ್ಣು ತೆರೆದರು. ಹೀಗೆಯೇ ಆಟ ನಡೆಯಿತು. ದೀಪಾ ಹೋಗುತ್ತಾಳೆ, ಇವರು ಕಣ್ಣು ಮುಚ್ಚುತ್ತಾರೆ, ನಾನು ಹೇಳುತ್ತೇನೆ. ಮಾಯಾಳಿಗೆ ಅರ್ಧ ಆಟದೊಳಗೆ ಇದೆಲ್ಲ ಅರ್ಥವಾಯಿತು. ಅವಳು ಮುನಿಯಮ್ಮನವರ ಪಕ್ಕಕ್ಕೆ ಸರಿದು ಅವರ ಕೈಯನ್ನು ತನ್ನ ಮಡಿಲಲ್ಲಿಟ್ಟುಕೊಂಡಳು.

ಕೊನೆಯ ಹೊತ್ತಿಗೆ ದೀಪಾಳ ತಂಡ ಒಂದು ಅಂಕ ಹಿಂದಿತ್ತು. ಉಳಿದದ್ದು ಒಂದೇ ರೈಡ್. ಅವಳು ಗೆರೆಯ ಬಳಿ ಬಂದು ನೆಲ ಮುಟ್ಟಿ ನಮಸ್ಕರಿಸಿದಳು. ಮಾಯಾಳ ಮಾವ ಉದ್ವೇಗದಲ್ಲಿ ಎದ್ದು ನಿಂತರು. ಗಾಡಿ ತೂಗಿತು. ಚಿತ್ರ ಚೌಕಚೌಕವಾಗಿ ಒಡೆದು ನಿಂತುಹೋಯಿತು.

ಕಣ್ಣು ಮುಚ್ಚಿದ್ದ ಮುನಿಯಮ್ಮನವರಿಗೆ ಸದ್ದು ನಿಂತದ್ದು ತಿಳಿಯಿತು. "ರತ್ನಾ!" ಎಂದರು. ಆ ದನಿಯನ್ನು ನಾನು ಮತ್ತೆ ಕೇಳಲಾರೆ.

ನಾನು ಕಪಾಟಿನ ಬಾಗಿಲು ಕಿತ್ತು ಭುಜದವರೆಗೂ ಕೈ ತೂರಿಸಿದೆ. ಟೇಪ್ ಜಾರಿತ್ತು. ತಾಮ್ರದ ಎಳೆಯನ್ನು ಬೆರಳ ತುದಿಯಲ್ಲಿ ತಡವಿ ತೂತಿಗೆ ಒತ್ತಿದೆ, ಜಾಲರಿಯನ್ನು ಹೆಬ್ಬೆರಳಿನಿಂದ ಅದುಮಿದೆ. ಹಿಂದಿನಿಂದ ಗದ್ದಲದ ಸದ್ದು ಮರಳಿ ಬಂತು. ಚಿತ್ರವೂ ಬಂದಿರಬೇಕು, ಮಾಯಾ ಕಿರುಚುತ್ತಿದ್ದಳು. ನಾನು ನೋಡುವಂತಿರಲಿಲ್ಲ. ನನ್ನ ಕೆನ್ನೆ ಪ್ಲೈವುಡ್ಡಿಗೆ ಒತ್ತಿಕೊಂಡಿತ್ತು, ಕಣ್ಣೆದುರಿಗೆ ಇದ್ದದ್ದು ಸಕ್ಕರೆ ಡಬ್ಬಿ. ಕೈ ಸ್ವಲ್ಪ ಅಲುಗಿದರೂ ಎಲ್ಲ ಹೋಗುತ್ತದೆ. ಉಸಿರು ಬಿಗಿಹಿಡಿದೆ.

ಟಿ.ವಿ.ಯಲ್ಲಿ ಸಾವಿರಾರು ಜನ ಒಮ್ಮೆಲೇ ಹೋ ಎಂದರು. ಮಾಯಾಳ ಮಾವ ಹಣೆ ಚಚ್ಚಿಕೊಂಡ ಸದ್ದು ಕೇಳಿತು. ಸೋತರು ಎಂದು ಗೊತ್ತಾಯಿತು.

"ಬಿದ್ಲಾ?" ಮುನಿಯಮ್ಮನವರು ಕೇಳಿದರು.

ನಾನು ಮಾಯಾಳನ್ನು ಹಿಂದಿಯಲ್ಲಿ ಕೇಳಿದೆ. ಬಿದ್ದಿದ್ದಾಳೆ, ಮೇಲೆ ನಾಲ್ಕು ಜನ ಬಿದ್ದಿದ್ದಾರೆ ಎಂದಳು. ನಾನು ಕನ್ನಡಕ್ಕೆ ತಿರುಗಿಸಲಿಲ್ಲ. ತಿರುಗಿಸುವ ಅಗತ್ಯವೂ ಇರಲಿಲ್ಲ.

"ಎದ್ಲಾ?"

ಗಾಡಿಯೊಳಗೆ ಯಾರೂ ಅಲುಗಲಿಲ್ಲ. ಹೊರಗೆ ಒಂದು ಬೈಕು ಹಾದುಹೋಯಿತು.

"ಉಠ್ಯೋ!" ಎಂದಳು ಮಾಯಾ. "ದಿದಿ, ಉಠ್ಯೋ!"

"ಎದ್ದಳಂತೆ ಅಮ್ಮ."

"ಕೈ?"

ಎರಡೂ ಕೈಯಿಂದ ಮುಖದ ಬೆವರು ಒರೆಸಿಕೊಳ್ಳುತ್ತಿದ್ದಾಳೆ ಎಂದು ಮಾಯಾ ಹೇಳಿದಳು. ಅದನ್ನು ಕನ್ನಡದಲ್ಲಿ ಹೇಳಿದೆ. ಮುನಿಯಮ್ಮನವರು, "ಸಾಕು. ನೀನು ಕೈ ತೆಗಿ ತಾಯಿ," ಎಂದರು. ತೆಗೆದೆ. ಟಿ.ವಿ. ನಿಂತಿತು. ಬೆರಳುಗಳಿಗೆ ಜೋಮು ಹಿಡಿದಿತ್ತು.

ನಾವು ಚಹಾ ಕುಡಿದು ಮುಗಿಸುವ ಹೊತ್ತಿಗೆ ದೀಪಾಳ ಫೋನ್ ಬಂತು. ರಮೇಶ ಬಿದಿರು ಕೆಳಗಿಟ್ಟು ಒಳಗೆ ಬಂದು ಸ್ಪೀಕರ್ ಹಾಕಿದ.

"ಅಜ್ಜಿ, ನೋಡಿದ್ಯಾ?"

"ಊಂ ಕಣವ್ವ. ಒಂದೂ ಬುಡ್ದಂಗೆ ನೋಡ್ದೆ."

"ಕೊನೇದು ಅಜ್ಜಿ... ನನ್ ಕೈ ಗೆರೆ ಮುಟ್ತು ಅನ್ಸುತ್ತೆ. ರೆಫ್ರಿ ಕೊಡ್ಲಿಲ್ಲ. ಇಲ್ಲಿ ಎಲ್ರೂ ಒಂದೊಂದ್ ಹೇಳ್ತಾರೆ. ನೀನ್ ಹೇಳು, ಮುಟ್ಟಿತ್ತಾ?"

ಮುನಿಯಮ್ಮನವರು ಫೋನಿನ ಮೇಲೆ ಕೈ ಮುಚ್ಚಿ ನನ್ನನ್ನು ನೋಡಿದರು. ನಾನು ರಮೇಶನನ್ನು ನೋಡಿದೆ. ಅವನು ನನ್ನನ್ನು ನೋಡಿದ. ಮೂವರೂ ಮಾಯಾಳ ಕಡೆ ತಿರುಗಿದೆವು.

ನಾನು ಪಿಸುಮಾತಿನಲ್ಲಿ ಕೇಳಿದೆ. ಮಾಯಾ ಸೀರೆ ಸಿಕ್ಕಿಸಿಕೊಂಡು, ದೀಪಾ ಬಿದ್ದಿದ್ದ ಹಾಗೆಯೇ, ಗಾಡಿಯ ನೆಲದ ಮೇಲೆ ಬೋರಲು ಮಲಗಿದಳು. ತನ್ನ ಕಣಕಾಲನ್ನು ಹಿಡಿದುಕೊಳ್ಳಲು ಮಾವನಿಗೆ ಹೇಳಿದಳು, ಅವರು ಹಿಡಿದರು. ಬಾಗಿಲ ಹೊಸ್ತಿಲನ್ನೇ ಗೆರೆ ಮಾಡಿಕೊಂಡು ಒಂದು ಕೈಯನ್ನು ಅದರ ಕಡೆಗೆ ಚಾಚಿದಳು, ಚಾಚಿ ನಿಲ್ಲಿಸಿದಳು. ಬೆರಳಿಗೂ ಹೊಸ್ತಿಲಿಗೂ ನಡುವೆ ಜಾಗ ಉಳಿದಿತ್ತು.

ಮುನಿಯಮ್ಮನವರು ಮಂಡಿ ಹಿಡಿದುಕೊಂಡು ಬಾಗಿ ಆ ಜಾಗವನ್ನು ನೋಡಿದರು. ಫೋನಿನಿಂದ ಕೈ ತೆಗೆದರು.

"ಇಲ್ಲ ಮಗಾ. ನಾಕು ಬೆಳ್ಳಷ್ಟು ಕಮ್ಮಿಯಾಯ್ತು."

ಆ ಕಡೆ ದೀಪಾ ಮೂಗೆಳೆದ ಸದ್ದು. "ಅಮ್ಮನೂ ಹಂಗೇ ಅಂದ್ಲು," ಎಂದಳು.

"ಬುಜ ನೋಯ್ತೈತಾ?"

"ಇಲ್ಲ ಅಜ್ಜಿ. ಹಸಿವಾಗ್ತಿದೆ."

"ಓಗು, ಉಣ್ಣೋಗು."

ರಮೇಶ ಮುಖವನ್ನು ಕಿಟಕಿಯ ಕಡೆಗೆ ತಿರುಗಿಸಿಕೊಂಡಿದ್ದ. ಮುನಿಯಮ್ಮನವರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಮಾಯಾ ಇನ್ನೂ ನೆಲದ ಮೇಲೆಯೇ ಕೈ ಚಾಚಿಕೊಂಡು ಮಲಗಿದ್ದಳು. ಕತ್ತು ಮಾತ್ರ ಹೊರಳಿಸಿ, ತಾನು ಇನ್ನು ಏಳಬಹುದೇ ಎಂದು ನನ್ನನ್ನು ಕೇಳಿದಳು.